ಜೊತೆಗೆ ಹೋದವರ ಕಥೆ

ಗಂಡ ಹೆಂಡತಿ ಸೇರಿ ವಿದೇಶದಲ್ಲಿರುವ ಹಳೆಯ ಗೆಳೆಯರನ್ನು ನೋಡಲು ಹೊರಟರು ಅಂತಿಟ್ಟುಕೊಳ್ಳಿ. ಹೋದ ಮನೆಯಲ್ಲಿ ಒಬ್ಬರು ಗೆಳೆಯರು, ಇನ್ನೊಬ್ಬರು ಜೊತೆಗೆ ಹೋದವರು. ಗೆಳೆಯರಾದವರ ಕೆಲಸ ಸುಲಭ. ಬಾಗಿಲಲ್ಲೇ ತಬ್ಬಿಕೊಳ್ಳುತ್ತಾರೆ. ‘ಏನೋ ಇಷ್ಟು ದಪ್ಪ ಆಗಿದ್ದೀಯ’ ಅನ್ನುತ್ತಾರೆ. ಚಪ್ಪಲಿ ಬಿಡುವ ಮೊದಲೇ ಯಾರದೋ ಅಡ್ಡಹೆಸರು ಹಿಡಿದು ಜೋರಾಗಿ ನಗುತ್ತಾರೆ. ಜೊತೆಗೆ ಹೋದವರು ಸೂಟ್‌ಕೇಸ್ ಹಿಡಿದುಕೊಂಡು ಹಿಂದೆ ನಿಂತಿರುತ್ತಾರೆ. ಮುಖದ ಮೇಲೆ ಒಂದು ನಗು ಇರುತ್ತದೆ. ಅದನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅಂತ ತಿಳಿಯುವುದಿಲ್ಲ.

ಪ್ರವಾಸದ ಬರಹಗಳಲ್ಲಿ ಇವರಿಗೆ ಜಾಗ ಸಿಗುವುದು ಕಡಿಮೆ. ಫೋಟೋ ತೆಗೆಯುವವರೂ ಸಾಮಾನ್ಯವಾಗಿ ಇವರೇ, ಹಾಗಾಗಿ ಫೋಟೋದಲ್ಲೂ ಇರುವುದಿಲ್ಲ. ಆದರೆ ಮೂರು ಊರು, ಮೂರು ಮನೆ ಸುತ್ತಿ ಬಂದ ಮೇಲೆ ನನಗೊಂದು ಖಾತ್ರಿಯಾಗಿದೆ. ಹಳೆಯ ಗೆಳೆಯರು ಮತ್ತೆ ಮನಸ್ಸು ಬಿಚ್ಚಿ ಮಾತಾಡಬೇಕಾದರೆ ಪಕ್ಕದಲ್ಲಿ ಏನೂ ಗೊತ್ತಿಲ್ಲದ ಒಬ್ಬರು ಕೂತಿರಬೇಕು.

ನನ್ನ ಗಂಡನ ಹಾಸ್ಟೆಲ್ ರೂಮ್‌ಮೇಟ್ ಇರುವುದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ನನ್ನ ಕಾಲೇಜು ಗೆಳತಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ. ನಮ್ಮಿಬ್ಬರಿಗೂ ಗೆಳೆಯನಾದವನೊಬ್ಬ ಬರ್ಲಿನ್‌ನಲ್ಲಿ. ಎಲ್ಲರೂ ವರ್ಷಗಳಿಂದ ‘ಬನ್ನಿ, ಬನ್ನಿ’ ಅನ್ನುತ್ತಿದ್ದರು. ನಿಜವಾಗಿ ಹೊರಟಾಗ ಮೊದಲ ಜಗಳ ಹುಟ್ಟಿದ್ದು ವೀಸಾ ಅರ್ಜಿಯಲ್ಲಿ.

ಬ್ರಿಟನ್‌ಗೆ ಒಂದು ವೀಸಾ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ ಇನ್ನೊಂದು. ಷೆಂಗೆನ್ ಒಳಗೆ 180 ದಿನಗಳಲ್ಲಿ 90 ದಿನ ಮೀರಿ ಇರುವ ಹಾಗಿಲ್ಲ. ಕಡಿಮೆಯೆಂದರೂ 30,000 ಯೂರೋ ಆಸ್ಪತ್ರೆ ಖರ್ಚು ಕೊಡುವ ವಿಮೆ ಬೇಕು. ಇದೆಲ್ಲ ಸರಿ. ತಮಾಷೆ ಇರುವುದು ಇನ್ನೊಂದು ನಿಯಮದಲ್ಲಿ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎರಡೂ ಕಡೆ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅಂದರೆ ಯಾವ ಗೆಳೆಯರ ಮನೆಯಲ್ಲಿ ಒಂದು ದಿನ ಜಾಸ್ತಿ ಇರುತ್ತೇವೆ ಅನ್ನುವುದು ಸರ್ಕಾರಿ ಕಾಗದಕ್ಕೆ ಹೋಗುತ್ತದೆ. ನಾವು ಡಚ್ಚರಿಗೆ ಅರ್ಜಿ ಹಾಕಿದ್ದು ತಿಳಿದು ಬರ್ಲಿನ್ ಗೆಳೆಯ, ‘ಓ, ಹಾಗಾ’ ಅಂದ. ಅಷ್ಟೇ ಅಂದದ್ದು. ಆ ‘ಹಾಗಾ’ವನ್ನು ಇವರು ಎರಡು ದಿನ ಬಿಡಿಸಿ ಬಿಡಿಸಿ ನೋಡಿದರು.

ಲೈಡನ್ ಗೆಳತಿಯದ್ದು ಬೇರೆ ಪಾಡು. ಮನೆಯಲ್ಲಿ ಅತಿಥಿಯನ್ನು ಇಟ್ಟುಕೊಳ್ಳುತ್ತೇನೆ ಅಂತ ಬರೆದುಕೊಡುವ ಡಚ್ ಫಾರ್ಮ್‌ಗೆ ಬರೀ ಸಹಿ ಸಾಲದು. ನಗರಸಭೆಗೆ ಹೋಗಿ, ಅಲ್ಲಿನವರ ಎದುರು ಸಹಿ ಹಾಕಿ, ಅದು ತನ್ನದೇ ಅಂತ ದೃಢೀಕರಿಸಿಕೊಂಡು ಬರಬೇಕು. ಅವಳು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೋಗಿ ಬಂದಳು. ‘ನಿನ್ನ ಗೆಳತಿ ನಾನು ಅಂತ ಈಗ ಸರ್ಕಾರದ ದಾಖಲೆ ಇದೆ, ಇನ್ನು ನೀನು ಬಿಟ್ಟುಹೋಗುವ ಹಾಗಿಲ್ಲ’ ಅಂತ ಮೆಸೇಜ್ ಕಳಿಸಿದಳು. ಬಿಟ್ಟುಹೋದದ್ದು ಯಾರು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಡಿನ್‌ಬರೋದಲ್ಲಿ ಜೊತೆಗೆ ಹೋದವಳು ನಾನು. ಗೆಳೆಯನ ಮನೆ ಕಲ್ಲಿನ ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುತ್ತಲೇ ಇಬ್ಬರೂ ಹಾಸ್ಟೆಲ್ಲಿಗೆ ವಾಪಸ್ ಹೋಗಿಬಿಟ್ಟರು. ನಾನೂ ಆ ಮನೆಯಾಕೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವಿದೇಶದಲ್ಲಿರುವ ಗೆಳೆಯರ ಒಂದು ಅಭ್ಯಾಸ ಎಲ್ಲ ಕಡೆ ಕಂಡೆ. ಮೊದಲ ದಿನ ಅವರು ಗೈಡ್ ಆಗುತ್ತಾರೆ. ಎಷ್ಟೋ ವರ್ಷದ ಮೇಲೆ ಸಿಕ್ಕವರ ಹತ್ತಿರ ಏನು ಮಾತಾಡುವುದು ಅನ್ನುವ ಅಳುಕನ್ನು ಊರು ತೋರಿಸಿ ಮುಚ್ಚಿಕೊಳ್ಳುತ್ತಾರೆ. ಈ ಗೆಳೆಯ ಕಂಪ್ಯೂಟರ್‌ನಲ್ಲಿ ವೇಳಾಪಟ್ಟಿಯನ್ನೇ ಮಾಡಿಟ್ಟಿದ್ದ. ಕೋಟೆಯ ಮೇಲೆ ಮಧ್ಯಾಹ್ನ 1 ಗಂಟೆಗೆ ತೋಪು ಹಾರಿಸುವುದು, 1861ರಿಂದ ನಡೆದು ಬಂದ ಪದ್ಧತಿ. ಬಂದರಿನ ಹಡಗುಗಳು ಗಡಿಯಾರ ಸರಿ ಮಾಡಿಕೊಳ್ಳಲಿ ಅಂತ ಮೊದಲು ಒಂದು ಗೋಪುರದ ಮೇಲಿಂದ ದೊಡ್ಡ ಚೆಂಡನ್ನು ಇಳಿಸುತ್ತಿದ್ದರಂತೆ. ಮಂಜು ಕವಿದರೆ ಚೆಂಡು ಕಾಣುತ್ತಿರಲಿಲ್ಲ. ಅದಕ್ಕೇ ಶಬ್ದ. ಭಾನುವಾರ ಹಾರಿಸುವುದಿಲ್ಲ. ಇದನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ತೋಪು ಸಿಡಿಯಿತು. ಇವರು ಎಗರಿಬಿದ್ದರು. ಗೆಳೆಯನ ರೆಪ್ಪೆ ಕೂಡ ಅಲುಗಲಿಲ್ಲ. ಅವನು ಈ ಊರಿನವನಾಗಿ ಹೋಗಿದ್ದಾನೆ ಅಂತ ಆಗ ಗೊತ್ತಾಯಿತು.

ಮಾತು ನಿಜವಾಗಿ ಶುರುವಾದದ್ದು ಆರ್ಥರ್ಸ್ ಸೀಟ್ ಗುಡ್ಡ ಹತ್ತುವಾಗ. ಊರ ನಡುವೆಯೇ ಇರುವ 251 ಮೀಟರ್ ಎತ್ತರದ ಗುಡ್ಡ ಅದು. ಯಾವ ಕಾಲದಲ್ಲೋ ಆರಿಹೋದ ಜ್ವಾಲಾಮುಖಿ. ಪಕ್ಕದ ಸಾಲಿಸ್‌ಬರಿ ಕ್ರ್ಯಾಗ್ಸ್ ಬಂಡೆಸಾಲನ್ನು ನೋಡಿಯೇ ಜೇಮ್ಸ್ ಹಟ್ಟನ್ ಅನ್ನುವ 18ನೇ ಶತಮಾನದ ಭೂವಿಜ್ಞಾನಿ, ಕೆಲವು ಕಲ್ಲುಗಳು ಕರಗಿದ ಸ್ಥಿತಿಯಲ್ಲಿ ಕೆಳಗಿನಿಂದ ಬಂದು ಹಳೆಯ ಪದರಗಳ ನಡುವೆ ನುಗ್ಗಿಕೊಂಡಿವೆ ಅಂತ ವಾದಿಸಿದ್ದು. ಗೆಳೆಯ ಇದನ್ನು ವಿವರಿಸುತ್ತಾ ವಿವರಿಸುತ್ತಾ ಏದುಸಿರು ಬಿಟ್ಟ. ಏರು ಜಾಸ್ತಿಯಾದಂತೆ ಗೈಡ್ ಮಾತು ನಿಂತಿತು. ಅಕ್ಕಪಕ್ಕ ನಡೆಯುವವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಎದುರು ಕೂತರೆ ಬಾರದ ಮಾತು ಆಗ ಬರುತ್ತದೆ.

ನಾನು ಸುಮ್ನೆ ಕೇಳಿದೆ: ‘ಹಾಸ್ಟೆಲ್ಲಲ್ಲಿ ಇವರು ಹೇಗಿದ್ದರು?’

ಗೆಳೆಯ ನಿಂತುಬಿಟ್ಟ. ‘ನಿಮಗೆ ಕಾಗದದ ಕಥೆ ಗೊತ್ತಿಲ್ವಾ?’

ಗೊತ್ತಿರಲಿಲ್ಲ. ಇಡೀ ಮಹಡಿಯ ಹುಡುಗರಿಗೆ ಮನೆಗೆ ಕಾಗದ ಬರೆದುಕೊಡುತ್ತಿದ್ದವರು ನನ್ನ ಗಂಡನಂತೆ. ಅಪ್ಪನ ಹತ್ತಿರ ದುಡ್ಡು ಕೇಳಬೇಕು, ಫೇಲಾದ ಸುದ್ದಿ ಹೇಳಬೇಕು, ಅಕ್ಕನ ಮದುವೆಗೆ ಬರಲಾಗುವುದಿಲ್ಲ ಅನ್ನಬೇಕು, ಎಲ್ಲದಕ್ಕೂ ಇವರೇ. ಬರೆದುಕೊಟ್ಟದ್ದನ್ನು ಅವರು ತಮ್ಮ ಕೈಬರಹದಲ್ಲಿ ನಕಲು ಮಾಡಿ ಕಳಿಸುತ್ತಿದ್ದರು. ಈ ಗೆಳೆಯ ಒಂದು ವಿಷಯದಲ್ಲಿ ಫೇಲಾದಾಗ ಇವರು ಬರೆದ ಕಾಗದ ಎಷ್ಟು ಚೆನ್ನಾಗಿತ್ತೆಂದರೆ, ಅವನ ಅಪ್ಪ ಬೈಯುವುದು ಬಿಟ್ಟು ‘ಧೈರ್ಯವಾಗಿರು’ ಅಂತ ಬರೆದು ಜಾಸ್ತಿ ದುಡ್ಡು ಕಳಿಸಿದ್ದರಂತೆ. ಆ ದುಡ್ಡಿನಲ್ಲಿ ಇಬ್ಬರೂ ಒಂದು ವಾರ ದಿನಾ ಸಿನಿಮಾ ನೋಡಿದ್ದರಂತೆ.

ನಾನು ಮದುವೆಯಾದ ಮನುಷ್ಯ ನನಗೆ ಒಂದು ಕಾಗದ ಬರೆದವರಲ್ಲ. ಅವರ ಕೈಬರಹ ನಾನು ನೋಡಿರುವುದು ಸಾಮಾನಿನ ಚೀಟಿಯಲ್ಲಿ, ಬ್ಯಾಂಕಿನ ಚಲನ್‌ನಲ್ಲಿ. ಗುಡ್ಡದ ತುದಿಯಲ್ಲಿ ಗಾಳಿಗೆ ಟೋಪಿ ಹಿಡಿದುಕೊಂಡು ನಿಂತಿದ್ದವರನ್ನು ಹೊಸದಾಗಿ ನೋಡಿದೆ. ಸ್ವಲ್ಪ ಕೋಪವೂ ಬಂತು. ಇದ್ದ ಸರಕನ್ನೆಲ್ಲ ಹಾಸ್ಟೆಲ್ಲಲ್ಲೇ ಖರ್ಚು ಮಾಡಿ ಬಂದಿದ್ದಾರಲ್ಲ!

ಜೂನ್ ತಿಂಗಳು, ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 10 ಗಂಟೆಗೆ. ಬೆಳಕಿದೆಯಲ್ಲ ಅಂತ ಮಾತು ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಮನೆಯಾಕೆಯ ಹತ್ತಿರ ಕಾಗದದ ಕಥೆ ಎತ್ತಿದೆ. ‘ಅಯ್ಯೋ, ನನಗೆ ಬಾಯಿಪಾಠ ಆಗಿದೆ’ ಅಂದರು. ‘ಹಿಂದಿನ ಸಲ ಹೇಳಿದಾಗ ಮೂರೇ ದಿನ ಸಿನಿಮಾ ನೋಡಿದ್ದರು, ಈಗ ಒಂದು ವಾರ ಆಗಿದೆ.’ ಅವರ ಮುಂದೆ ಗಂಡ ಆ ಕಥೆ ಹೇಳುವುದನ್ನು ಎಂದೋ ಬಿಟ್ಟಿದ್ದಾನೆ. ನನ್ನ ಗಂಡನಿಗೆ ಹೇಳುವ ಹಾಗೂ ಇಲ್ಲ, ಅವರೇ ಕಥಾನಾಯಕ. ನನ್ನ ಅಗತ್ಯ ಏನು ಅಂತ ಆಗ ಹೊಳೆಯಿತು. ಹಳೆಯ ಗೆಳೆಯರು ಹಳೆಯ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಾರರು. ‘ಆ ದಿನ ನೆನಪಿದೆಯಾ?’ ‘ಹ್ಞೂಂ.’ ಅಲ್ಲಿಗೆ ಮುಗಿಯಿತು. ಏನೂ ಗೊತ್ತಿಲ್ಲದವರು ಎದುರಿಗಿದ್ದರೆ ಮಾತ್ರ ಮೊದಲಿಂದ ಹೇಳಬೇಕಾಗುತ್ತದೆ. ಹಾಗೆ ಹೇಳುವಾಗ ಇಬ್ಬರ ನೆನಪೂ ಹೊಂದುವುದಿಲ್ಲ, ಜಗಳವಾಗುತ್ತದೆ, ಆ ಜಗಳದಲ್ಲಿ ಮರೆತದ್ದೆಲ್ಲ ಈಚೆ ಬರುತ್ತದೆ.

ಎಡಿನ್‌ಬರೋದಿಂದ ಲಂಡನ್‌ಗೆ ರೈಲು. ಎಡಗಡೆ ಕಿಟಕಿಯಲ್ಲಿ ಕೂತರೆ ಬಹಳ ದೂರ ಸಮುದ್ರ ಜೊತೆಗೇ ಬರುತ್ತದೆ. ಲಂಡನ್‌ನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲಿ ಒಂದು ವಿಚಿತ್ರ ಇದೆ. ರೈಲು ಇಂಗ್ಲೆಂಡ್ ಬಿಡುವ ಮೊದಲೇ ಫ್ರಾನ್ಸಿನ ಗಡಿ ಪೊಲೀಸರು ಅಲ್ಲೇ ಕೂತು ಪಾಸ್‌ಪೋರ್ಟ್ ನೋಡುತ್ತಾರೆ. ನಾವು ಹೋದಾಗ ಇನ್ನೂ ಮುದ್ರೆ ಒತ್ತುತ್ತಿದ್ದರು. 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ. ಆಮೇಲೆ ಸುಮಾರು 50 ಕಿಲೋಮೀಟರ್ ಉದ್ದದ ಚಾನೆಲ್ ಸುರಂಗ. ಸಮುದ್ರದ ಕೆಳಗೆ ಹೋಗುವಾಗ ಏನಾದರೂ ಅನ್ನಿಸುತ್ತದೇನೋ ಅಂತ ಕಾದೆ. ಏನೂ ಇಲ್ಲ, ಕಿವಿ ಸ್ವಲ್ಪ ಮುಚ್ಚಿದ ಹಾಗಾಯಿತು. ಇವರು ನಿದ್ದೆ ಹೊಡೆದರು. ರಾಟರ್‌ಡ್ಯಾಮ್‌ನಲ್ಲಿ ಇಳಿದು ಲೈಡನ್ ರೈಲು ಹಿಡಿದೆವು.

ಅಲ್ಲಿ ಪಾತ್ರ ಬದಲಾಯಿತು. ಸೂಟ್‌ಕೇಸ್ ಹಿಡಿದು ನಗುತ್ತಾ ನಿಂತವರು ಇವರು.

ನಿಜ ಹೇಳಬೇಕೆಂದರೆ ಮೊದಲ ಸಂಜೆ ಇವರು ಆ ಪಾತ್ರವನ್ನು ಚೆನ್ನಾಗಿ ಮಾಡಲಿಲ್ಲ. ಮಾತಿನ ಮಧ್ಯೆ ಫೋನ್ ನೋಡಿದರು. ‘ಟ್ಯೂಲಿಪ್ ತೋಟಕ್ಕೆ ಯಾವಾಗ ಹೋಗೋಣ’ ಅಂದರು. ಜೂನ್‌ನಲ್ಲಿ ಟ್ಯೂಲಿಪ್ ಎಲ್ಲಿಂದ ಬರಬೇಕು? ಹತ್ತಿರದ ಕ್ಯೂಕನ್‌ಹಾಫ್ ತೋಟ ಮೇ ಮಧ್ಯಕ್ಕೇ ಬಾಗಿಲು ಹಾಕುತ್ತದೆ. ಆದರೆ ಮಾರನೆಯ ದಿನ ಬೆಳಿಗ್ಗೆ ತಾವೇ, ‘ನೀವಿಬ್ಬರು ಕೂತು ಮಾತಾಡಿ, ನಾನು ಊರು ನೋಡಿ ಬರುತ್ತೇನೆ’ ಅಂತ ಹೊರಟರು. ಜೊತೆಗೆ ಹೋದವರು ಕಲಿಯಬೇಕಾದ ದೊಡ್ಡ ವಿದ್ಯೆ ಇದು, ಯಾವಾಗ ಎದ್ದು ಹೋಗಬೇಕು ಅನ್ನುವುದು.

ಸಂಜೆ ಬಂದಾಗ ಮುಖ ಅರಳಿತ್ತು. ಲೈಡನ್‌ನಲ್ಲಿ ಮನೆಗಳ ಗೋಡೆ ಮೇಲೆ ಕವಿತೆ ಬರೆದಿದ್ದಾರೆ. 1992ರಲ್ಲಿ ರಷ್ಯದ ಮರೀನಾ ತ್ಸ್ವೆತಾಯೆವಾಳ ಒಂದು ಕವಿತೆಯಿಂದ ಶುರುವಾದದ್ದು, ಈಗ 100ಕ್ಕೂ ಜಾಸ್ತಿ ಗೋಡೆಗಳಿವೆ. ಪ್ರತಿ ಕವಿತೆಯೂ ಅದರದ್ದೇ ಭಾಷೆಯಲ್ಲಿ, ಅದರದ್ದೇ ಲಿಪಿಯಲ್ಲಿ. ಇವರು ಜಪಾನಿನ ಬಾಶೋನ ಹೈಕು ಇರುವ ಗೋಡೆ ಹುಡುಕಿಕೊಂಡು ಹೋಗಿದ್ದರು. ಒಂದಕ್ಷರ ಓದಲು ಬಾರದಿದ್ದರೂ ಬಹಳ ಹೊತ್ತು ನಿಂತಿದ್ದರಂತೆ. ವಿಶ್ವವಿದ್ಯಾಲಯದ ಸಸ್ಯತೋಟಕ್ಕೂ ಹೋಗಿದ್ದರು. 1575ರ ವಿಶ್ವವಿದ್ಯಾಲಯ, ಆ ದೇಶದಲ್ಲೇ ಹಳೆಯದು. ಅಲ್ಲಿನ ತೋಟದಲ್ಲೇ ಕ್ಲೂಸಿಯಸ್ ಅನ್ನುವ ಸಸ್ಯತಜ್ಞ 1590ರ ದಶಕದಲ್ಲಿ ಟ್ಯೂಲಿಪ್ ಗೆಡ್ಡೆ ನೆಟ್ಟು ಬೆಳೆಸಿದ್ದು. ಹೂವು ಕಾಣದಿದ್ದರೇನು, ಹೂವಿನ ಹುಟ್ಟೂರು ನೋಡಿಬಂದೆ ಅಂತ ಬೀಗಿದರು. ಗೆಳತಿಗೆ ಆ ಊರಲ್ಲಿ ಎಷ್ಟೋ ವರ್ಷ ಇದ್ದರೂ ಬಾಶೋ ಗೋಡೆ ಯಾವ ಬೀದಿಯಲ್ಲಿದೆ ಗೊತ್ತಿರಲಿಲ್ಲ. ಇರುವ ಊರು ಯಾರಿಗೆ ಕಾಣುತ್ತದೆ ಹೇಳಿ.

ಊಟದ ಹೊತ್ತಿಗೆ ಇವರು ಒಂದು ಪ್ರಶ್ನೆ ಕೇಳಿದರು. ‘ನೀವಿಬ್ಬರೂ ಇಷ್ಟು ಗೆಳತಿಯರು, ಮತ್ತೆ ನಡುವೆ ಅಷ್ಟು ವರ್ಷ ಯಾಕೆ ಮಾತೇ ಇರಲಿಲ್ಲ?’

ಟೇಬಲ್ ಮೇಲೆ ಮೌನ. ನಾನು ಇವರ ಕಾಲು ತುಳಿಯಲು ನೋಡಿದೆ, ಸಿಗಲಿಲ್ಲ. ವಿಷಯ ಇಷ್ಟೇ. ಅವಳು ದೇಶ ಬಿಟ್ಟು ಹೊರಟದ್ದು ನನಗೆ ಬೇರೆಯವರ ಬಾಯಿಂದ ಗೊತ್ತಾಗಿತ್ತು. ಅಷ್ಟು ಹತ್ತಿರದವಳು ಹೇಳಲಿಲ್ಲ ಅಂತ ನಾನು ಸುಮ್ಮನಾದೆ. ನಾನು ಸುಮ್ಮನಾದೆ ಅಂತ ಅವಳೂ ಸುಮ್ಮನಾದಳು. ಆಮೇಲೆ ವಾಟ್ಸ್‌ಆಪ್ ಬಂದು, ಯಾರೋ ಗ್ರೂಪ್ ಮಾಡಿ, ಹುಟ್ಟುಹಬ್ಬದ ಶುಭಾಶಯಗಳಲ್ಲಿ ಮಾತು ಮತ್ತೆ ಹುಟ್ಟಿತ್ತು. ಆದರೆ ಆ ಒಂದು ವಿಷಯವನ್ನು ಇಬ್ಬರೂ ಸುತ್ತುಹಾಕಿಕೊಂಡೇ ಬಂದಿದ್ದೆವು. ಗೊತ್ತಿರುವವರು ಅದನ್ನು ಮುಟ್ಟುವುದಿಲ್ಲ. ಇವರಿಗೆ ಗೊತ್ತಿರಲಿಲ್ಲ, ಮುಟ್ಟಿದರು.

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ‘ನಾನು ಯಾರಿಗೂ ಹೇಳಿರಲಿಲ್ಲ’ ಅಂದಳು. ಲ್ಯಾಬಿನ ಕೆಲಸ ಕೊನೆಯ ಗಳಿಗೆಯವರೆಗೆ ಖಾತ್ರಿ ಇರಲಿಲ್ಲವಂತೆ. ಎಲ್ಲರಿಗೂ ಹೇಳಿ, ಬೀಳ್ಕೊಡುಗೆ ಮಾಡಿಸಿಕೊಂಡು, ವೀಸಾ ಸಿಗದೆ ಅಲ್ಲೇ ಉಳಿದರೆ ಮುಖ ತೋರಿಸುವುದು ಹೇಗೆ ಅನ್ನುವ ಭಯ. ‘ನಿನಗೆ ಯಾರು ಹೇಳಿದ್ದು?’ ಅಂದಳು. ಹೇಳಿದೆ. ‘ಅವರಿಗೆ ಯಾರು ಹೇಳಿದ್ದು?’ ಎಳೆ ಹಿಡಿದು ಹೋದರೆ ಕೊನೆಗೆ ಸಿಕ್ಕಿದ್ದು ಅವಳ ಅಮ್ಮ! ಮಗಳು ಗುಟ್ಟು ಅಂದದ್ದನ್ನು ಅವರು ಇಡೀ ಬೀದಿಗೆ ಹೇಳಿದ್ದರು, ನಮ್ಮ ಮನೆಯೊಂದು ಬಿಟ್ಟು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಇವರು ತಾವೇನು ಮಾಡಿದೆವು ಅಂತ ತಿಳಿಯದೆ ಇನ್ನೊಂದು ತುತ್ತು ಬಡಿಸಿಕೊಂಡರು.

ಆಮ್‌ಸ್ಟರ್‌ಡ್ಯಾಮ್‌ನಿಂದ ಬರ್ಲಿನ್‌ಗೆ ಸುಮಾರು ಆರು ಗಂಟೆಯ ರೈಲು. ದಾರಿಯುದ್ದಕ್ಕೂ ನಾವು ಖುಷಿಯಾಗಿದ್ದೆವು. ಅಲ್ಲಿ ಯಾರೂ ಜೊತೆಗೆ ಹೋದವರಲ್ಲ. ಅವನು ಇಬ್ಬರಿಗೂ ಗೆಳೆಯ, ನಮ್ಮ ಮದುವೆಗೆ ಮುಂಚಿನಿಂದ. ಇದೇ ಎಲ್ಲಕ್ಕಿಂತ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆವು.

ಇದೇ ಎಲ್ಲಕ್ಕಿಂತ ಸಪ್ಪೆಯಾಯಿತು. ಅವನು ಬದಲಾಗಿದ್ದ ಅಂತಲ್ಲ. ಪ್ರೀತಿಯಿಂದಲೇ ಕರೆದುಕೊಂಡು ಹೋದ. ಬೆರ್ನಾವರ್ ಬೀದಿಯಲ್ಲಿ ಬರ್ಲಿನ್ ಗೋಡೆಯ ಸ್ಮಾರಕ ತೋರಿಸಿದ. ಊರನ್ನು ಪೂರ್ವ, ಪಶ್ಚಿಮ ಅಂತ ಎರಡು ಮಾಡಿ 1961ರಲ್ಲಿ ಎದ್ದು 1989ರ ನವೆಂಬರ್ 9ರಂದು ತೆರೆದುಕೊಂಡ ಗೋಡೆ. ಊರ ಹಲವು ಕಡೆ ಅದು ಇದ್ದ ಜಾಗದಲ್ಲಿ ಎರಡು ಸಾಲು ಕಲ್ಲು ಹಾಸಿದ್ದಾರೆ. ಜನ ಗೊತ್ತೇ ಆಗದ ಹಾಗೆ ದಾಟಿ ಓಡಾಡುತ್ತಾರೆ. ಅವನ ಮನೆ ಬಾಗಿಲ ಎದುರಿನ ಕಾಲುದಾರಿಯಲ್ಲಿ 10 ಸೆಂಟಿಮೀಟರ್ ಚೌಕದ ಹಿತ್ತಾಳೆ ತಗಡುಗಳಿದ್ದವು. ನಾಜಿಗಳ ಕಾಲದಲ್ಲಿ ಆ ಮನೆಯಿಂದ ಎಳೆದೊಯ್ಯಲ್ಪಟ್ಟವರ ಹೆಸರು, ಹುಟ್ಟಿದ ವರ್ಷ, ಒಯ್ದ ದಿನ ಅದರ ಮೇಲೆ. ಗುಂಟರ್ ಡೆಮ್‌ನಿಗ್ ಅನ್ನುವ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ ಕೆಲಸ. ಈಗ ಯುರೋಪಿನ ಉದ್ದಗಲಕ್ಕೂ ಇಂಥ 1 ಲಕ್ಷಕ್ಕೂ ಜಾಸ್ತಿ ತಗಡುಗಳಿವೆ. ನಮ್ಮ ಗೆಳೆಯನಿಗೆ ತನ್ನ ಬಾಗಿಲ ಮುಂದಿನ ಹೆಸರುಗಳೆಲ್ಲ ಬಾಯಿಗೆ ಬರುತ್ತವೆ. ಅವುಗಳನ್ನು ಹೇಳುವಾಗ ಮಾತ್ರ ಅವನ ದನಿ ನಮಗೆ ಗೊತ್ತಿದ್ದ ದನಿಯ ಹಾಗಿತ್ತು.

ಉಳಿದಂತೆ ಮಾತು ಸಾಗಲಿಲ್ಲ. ಮಕ್ಕಳು ಏನು ಮಾಡುತ್ತಿದ್ದಾರೆ, ಮಂಡಿನೋವಿಗೆ ಯಾವ ಮಾತ್ರೆ, ಮನೆ ಸಾಲ ತೀರಿತಾ. ‘ಆ ದಿನ ನೆನಪಿದೆಯಾ?’ ‘ಹ್ಞೂಂ.’ ಮೂವರಿಗೂ ಎಲ್ಲ ಗೊತ್ತು. ಹೇಳುವುದಕ್ಕೆ ಎದುರಿಗೆ ಜನವೇ ಇಲ್ಲ. ಅವನ ಮದುವೆ ಮುರಿದ ವಿಷಯವೂ ಗೊತ್ತಿತ್ತು, ಹಾಗಾಗಿ ಅದರ ಹತ್ತಿರವೂ ಹೋಗಲಿಲ್ಲ. ರಾತ್ರಿ ಕೋಣೆಯಲ್ಲಿ ಇವರು, ‘ಒಂದು ದಿನ ಮುಂಚೆ ಹೊರಡೋಣವಾ?’ ಅಂದರು.

ಮಾರನೆಯ ದಿನ ಲೈಪ್‌ಜಿಗ್‌ನಲ್ಲಿ ಓದುತ್ತಿರುವ ಅವನ ಮಗಳು ಬಂದಳು. ನಾಲ್ವರೂ ಟೆಂಪಲ್‌ಹೋಫ್‌ಗೆ ಹೋದೆವು. ಅದೊಂದು ಹಳೆಯ ವಿಮಾನ ನಿಲ್ದಾಣ. 1948ರಲ್ಲಿ ಪಶ್ಚಿಮ ಬರ್ಲಿನ್‌ನ ದಾರಿಗಳನ್ನೆಲ್ಲ ಸೋವಿಯತ್ ಪಡೆ ಮುಚ್ಚಿದಾಗ ಹಿಟ್ಟು, ಕಲ್ಲಿದ್ದಲು ತುಂಬಿದ ವಿಮಾನಗಳು ಸಾಲುಸಾಲಾಗಿ ಬಂದಿಳಿದ ಜಾಗಗಳಲ್ಲಿ ಒಂದು. 2008ರಲ್ಲಿ ವಿಮಾನ ನಿಂತಿತು, 2010ರಲ್ಲಿ ಪಾರ್ಕ್ ಆಯಿತು. ಮನೆ ಕಟ್ಟಬೇಕು ಅನ್ನುವ ಯೋಜನೆ ಬಂದಾಗ 2014ರಲ್ಲಿ ಊರಿನ ಜನ ಮತ ಹಾಕಿ, ಬೇಡ, ಬಯಲಾಗಿಯೇ ಇರಲಿ ಅಂದರು. ರನ್‌ವೇ ಹಾಗೇ ಇದೆ. ಅದರ ಮೇಲೆ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಗಾಳಿಪಟ ಬಿಡುತ್ತಾರೆ. ರನ್‌ವೇ ಮೇಲೆ ನಡೆಯುವುದು ಎಷ್ಟು ಮಜಾ ಅಂತ ನಡೆದೇ ನೋಡಬೇಕು. ಬೇಡವೆಂದರೂ ನಡಿಗೆ ಜೋರಾಗುತ್ತದೆ.

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡಲು ತಡವರಿಸುತ್ತಾಳೆ. ತಡವರಿಸುತ್ತಲೇ ಕೇಳಿದಳು: ‘ನೀವು ಮೂರು ಜನ ಹೇಗೆ ಗೊತ್ತು?’

ಮೂವರೂ ಒಟ್ಟಿಗೆ ಬಾಯಿ ತೆರೆದೆವು. ಇವರು ಬಸ್‌ಸ್ಟಾಪ್ ಅಂದರು, ಅವನು ಲೈಬ್ರರಿ ಅಂದ. ಎರಡೂ ತಪ್ಪು, ಚರ್ಚಾಸ್ಪರ್ಧೆಯ ದಿನ ಅಂದೆ ನಾನು. ‘ಅವತ್ತು ನೀನು ಬಂದೇ ಇರಲಿಲ್ಲ’ ಅಂದ ಅವನು. ಬಂದಿದ್ದೆ ಅಂತ ಸಾಬೀತು ಮಾಡಲು ನಾನು ಉಟ್ಟಿದ್ದ ಸೀರೆಯ ಬಣ್ಣ ಹೇಳಬೇಕಾಯಿತು. ‘ಯಾರು ಗೆದ್ದರು?’ ಅಂದಳು ಹುಡುಗಿ. ಅಪ್ಪ ಗೆದ್ದಿದ್ದ. ‘ಅಪ್ಪ ಭಾಷಣ ಮಾಡುತ್ತಿದ್ದನಾ?’ ಅಂತ ಅವಳು ನಿಂತೇಬಿಟ್ಟಳು. ಮನೆಯಲ್ಲಿ ನಾಲ್ಕು ಮಾತಿಗಿಂತ ಜಾಸ್ತಿ ಆಡದ ಅಪ್ಪ ಅವಳಿಗೆ ಗೊತ್ತಿದ್ದವನು.

ಆಮೇಲೆ ನಿಲ್ಲಿಸುವವರಿಲ್ಲ. ರನ್‌ವೇಯ ಆ ತುದಿಯವರೆಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಅವನು ನಮಗೂ ಗೊತ್ತಿಲ್ಲದ್ದನ್ನು ಹೇಳಿದ. ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲಿ ವಾಪಸ್ ಹೋಗಲು ಟಿಕೆಟ್ ತೆಗೆದಿದ್ದನಂತೆ, ಹೊರಡುವ ಹಿಂದಿನ ದಿನ ರದ್ದು ಮಾಡಿದ್ದನಂತೆ. ಯಾಕೆ ಅಂತ ನಾವು ಕೇಳುತ್ತಿರಲಿಲ್ಲ. ಮಗಳು ಕೇಳಿದಳು. ‘ಎಲ್ಲರಿಗೂ ದೊಡ್ಡ ದೊಡ್ಡ ಮಾತಾಡಿ ಬಂದಿದ್ದೆನಲ್ಲ’ ಅಂದ. ಅವಳು ಅಪ್ಪನ ತೋಳು ಹಿಡಿದುಕೊಂಡಳು. ನಾನೂ ಇವರೂ ಹತ್ತು ಹೆಜ್ಜೆ ಹಿಂದಾದೆವು. ಅಷ್ಟು ಹೊತ್ತಿಗೆ ನಮಗೂ ಈ ವಿದ್ಯೆ ಸ್ವಲ್ಪ ಬಂದಿತ್ತು. ಒಂದು ದಿನ ಮುಂಚೆ ಹೊರಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಊರಿಗೆ ಬಂದು ತಿಂಗಳಾಗುವಷ್ಟರಲ್ಲಿ ಆ ಹುಡುಗಿ ಇವರಿಗೆ ಇಮೇಲ್ ಬರೆದಳು. ಅಪ್ಪನ ಕಾಲೇಜಿನ ದಿನಗಳ ಬಗ್ಗೆ ಒಂದಿಷ್ಟು ಪ್ರಶ್ನೆಗಳು. ಇವರು ಉತ್ತರ ಬರೆಯಲು ಕೂತರು. ಊಟಕ್ಕೆ ಕರೆದರೆ ‘ಈ ಪ್ಯಾರಾ ಮುಗಿಸಿ ಬಂದೆ’ ಅನ್ನುತ್ತಾರೆ. ಬರೆದದ್ದನ್ನು ಒಮ್ಮೆ ಇಣುಕಿ ನೋಡಿದೆ. ಎಡಿನ್‌ಬರೋ ಗೆಳೆಯ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ, ಮನುಷ್ಯ ಬಹಳ ಚೆನ್ನಾಗಿ ಬರೆಯುತ್ತಾರೆ. ಅಲ್ಲಲ್ಲಿ ಸುಳ್ಳು ಸೇರಿಸುತ್ತಾರೆ ಅಷ್ಟೇ. ಮೊನ್ನೆ ಬರ್ಲಿನ್‌ನಿಂದ ಫೋನ್ ಬಂತು. ‘ನನ್ನ ಮಗಳಿಗೆ ಏನೇನೋ ಬರೆದು ಕಳಿಸ್ತಿದ್ದಾನೆ, ನಾನು ಪ್ರಿನ್ಸಿಪಾಲರ ಜೊತೆ ಜಗಳ ಆಡಿದ್ದೇ ಇಲ್ಲ, ಫೋನ್ ಕೊಡು ಅವನಿಗೆ’ ಅಂದ. ಕೊಟ್ಟೆ. ಒಂದೂವರೆ ಗಂಟೆ ಜಗಳವಾಡಿದರು.